ಹಣ ಹೋಗುವ ದಾರಿಯನ್ನು ನೋಡಿ: ಹಳೆಯ ವಸ್ತು ಕೊಳ್ಳುವವರಿಗೂ ಮಾರುವವರಿಗೂ ಒಂದು ಬಹಿರಂಗ ಪತ್ರ

ಪ್ರಿಯರೇ,

ಹದಿನೈದು ವರ್ಷಗಳಿಂದ ನಾನು ಹಳೆಯ ಕ್ಯಾಮೆರಾ ಲೆನ್ಸ್‌ಗಳನ್ನು ಕೊಳ್ಳುತ್ತಾ ಬಂದಿದ್ದೇನೆ. ಅಂಗಡಿಯಿಂದಲ್ಲ, ನನ್ನದೇ ಹವ್ಯಾಸವಿರುವ, ನಾನೆಂದೂ ಮುಖ ನೋಡದ ಜನರಿಂದ. ಅವರಲ್ಲಿ ಹೆಚ್ಚಿನವರು ಹೇಳಿದ್ದಕ್ಕಿಂತ ಚೆನ್ನಾಗಿರುವ ವಸ್ತುವನ್ನೇ ಕಳುಹಿಸಿದ್ದಾರೆ. ಒಬ್ಬರು ಕೇಳದೆಯೇ ಹಳೆಯ ಚರ್ಮದ ಚೀಲವನ್ನು ಜೊತೆಗಿಟ್ಟಿದ್ದರು. ಇನ್ನೊಬ್ಬರು ತಮ್ಮ ತಂದೆ ಆ ಲೆನ್ಸಿನಲ್ಲಿ ಏನೇನು ಚಿತ್ರ ತೆಗೆದಿದ್ದರೆಂದು ಕೈಬರಹದಲ್ಲಿ ಒಂದು ಪುಟ ಬರೆದಿದ್ದರು. ಅಂಥವರ ಮೇಲಿನ ನಂಬಿಕೆ ನನಗೆ ಇವತ್ತಿಗೂ ಹೋಗಿಲ್ಲ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರ ಕೈಗೆ ಒಮ್ಮೆ ಸಿಕ್ಕಿಬಿದ್ದೆ. ಇನ್ನೊಬ್ಬರು ಹಾಗೆ ಸಿಕ್ಕಿಬೀಳಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಬಹಳ ದಿನದಿಂದ ಹುಡುಕುತ್ತಿದ್ದ ಒಂದು ಲೆನ್ಸ್ ಬೇಕಾಗಿದೆಯೆಂದು ಹವ್ಯಾಸಿಗಳು ಸೇರುವ ಆನ್‌ಲೈನ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದ್ದೆ. ಒಂದು ಗಂಟೆಯೊಳಗೆ ಖಾಸಗಿಯಾಗಿ ಸಂದೇಶ ಬಂತು. ಬರೆದವರ ಭಾಷೆ ಚೆನ್ನಾಗಿತ್ತು, ಲೆನ್ಸಿನ ವಿಷಯ ಗೊತ್ತಿತ್ತು, ಅವಸರವೇನೂ ಕಾಣಲಿಲ್ಲ. ಕಿಟಕಿಯ ಪಕ್ಕ ಇಟ್ಟು ತೆಗೆದ ಆರು ಫೋಟೋಗಳನ್ನು ಕಳುಹಿಸಿದರು. ಕ್ಯಾಮೆರಾಕ್ಕೆ ಕೂಡಿಸುವ ಲೋಹದ ಬಳೆಯ ಹತ್ತಿರ ಉಗುರಿನಷ್ಟು ಉದ್ದದ ಒಂದು ಗೀರು. ಅದನ್ನು ಅವರೇ ತೋರಿಸಿ, 'ಇದನ್ನು ಮುಚ್ಚಿಡುವುದು ಸರಿಯಲ್ಲ, ನೋಡಿಕೊಳ್ಳಿ' ಎಂದಿದ್ದರು. ಕುಂದನ್ನು ತಾನಾಗಿ ಹೇಳುವವನು ಸುಳ್ಳು ಹೇಳಲಾರ ಎಂದು ನನ್ನ ಮನಸ್ಸು ಅಲ್ಲಿಯೇ ತೀರ್ಮಾನಿಸಿಬಿಟ್ಟಿತು. ಆದರೂ ರೂಢಿಯಂತೆ, ನನ್ನ ಹೆಸರು ಮತ್ತು ಆ ದಿನದ ತಾರೀಖು ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ಇನ್ನೊಂದು ಫೋಟೋ ಕೇಳಿದೆ. ಹತ್ತು ನಿಮಿಷದಲ್ಲಿ ಅದೂ ಬಂತು.

ಆ ಫೋಟೋವನ್ನು ಈಗ ಎಷ್ಟೋ ಸಲ ನೋಡಿದ್ದೇನೆ. ಕಿಟಕಿಯ ಬೆಳಕು ಬಲಗಡೆಯಿಂದ ಬೀಳುತ್ತಿದೆ, ಲೆನ್ಸಿನ ನೆರಳು ಎಡಕ್ಕೆ ಚಾಚಿದೆ. ಚೀಟಿಯ ಒಂದು ಮೂಲೆ ಮೇಲೆದ್ದಿದೆ, ಅದರ ಕೆಳಗೆ ಮಾತ್ರ ನೆರಳೇ ಇಲ್ಲ. ಮೇಜಿನ ಮರದ ಗೆರೆಗಳು ಚೀಟಿಯ ಅಂಚಿನಲ್ಲಿ ಸ್ವಲ್ಪ ಮಸುಕಾಗಿವೆ. ಬೇರೆ ಯಾರದೋ ಫೋಟೋದ ಮೇಲೆ ಚೀಟಿಯನ್ನು ಅಂಟಿಸಿದ್ದರು. ಹಣ ಕಳುಹಿಸುವ ಮೊದಲು ಒಂದು ನಿಮಿಷ ದೊಡ್ಡ ಪರದೆಯಲ್ಲಿ ತೆರೆದಿದ್ದರೆ ಕಾಣುತ್ತಿತ್ತು.

ಮುಂದೆ ಬಂದದ್ದು ಹಣದ ಮಾತು. ಕೊಳ್ಳುವವರಿಗೆ ರಕ್ಷಣೆ ಇರುವ ಪಾವತಿ ಸೇವೆಯ ಮೂಲಕ ಕೊಡುತ್ತೇನೆ ಎಂದೆ. ಅದಕ್ಕೆ ಅವರು, 'ನಾವಿಬ್ಬರೂ ಹವ್ಯಾಸಿಗಳು, ನಡುವೆ ಕಂಪನಿಗೆ ಯಾಕೆ ಶುಲ್ಕ ಕಟ್ಟಬೇಕು? ನೇರವಾಗಿ ಖಾತೆಗೆ ಹಾಕಿಬಿಡಿ, ಆ ಶುಲ್ಕದಷ್ಟು ನಿಮಗೆ ಬೆಲೆಯಲ್ಲೇ ಕಡಿಮೆ ಮಾಡುತ್ತೇನೆ' ಎಂದರು. ಖಾತೆ ಅವರ ಹೆಸರಿನಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, ಅಣ್ಣನ ಖಾತೆ ಎಂಬ ಉತ್ತರ ಸಿಕ್ಕಿತು. ಆಗ ನಿಲ್ಲಿಸಬೇಕಾಗಿತ್ತು. ಆದರೆ ಇಷ್ಟು ಹೊತ್ತು ಆತ್ಮೀಯವಾಗಿ ಮಾತಾಡಿದವರಿಗೆ 'ನಿಮ್ಮನ್ನು ನಂಬಲಾರೆ' ಎಂದಂತಾಗುತ್ತದಲ್ಲ ಎಂಬ ದಾಕ್ಷಿಣ್ಯ ಬಾಯಿ ಕಟ್ಟಿತು. ಹಣ ಕಳುಹಿಸಿದೆ.

ಎರಡು ದಿನದ ಮೇಲೆ ಟ್ರ್ಯಾಕಿಂಗ್ ಸಂಖ್ಯೆ ಬಂತು. ಐದನೆಯ ದಿನ ಪರದೆಯಲ್ಲಿ 'ತಲುಪಿಸಲಾಗಿದೆ' ಎಂದು ತೋರಿಸಿತು, ಅದೂ ನಮ್ಮ ಊರಿನಲ್ಲಿಯೇ. ನನ್ನ ಕೈಗೆ ಏನೂ ಬಂದಿರಲಿಲ್ಲ. ಕೊರಿಯರ್ ಕಚೇರಿಗೆ ಹೋಗಿ ಕುಳಿತೆ. ಅಲ್ಲಿನ ಹುಡುಗಿ ದಾಖಲೆ ತೆರೆದು ಪಾರ್ಸಲ್ಲಿನ ತೂಕ ಓದಿದಳು: ನೂರು ಗ್ರಾಂಗೂ ಕಡಿಮೆ. ಗಾಜು, ಹಿತ್ತಾಳೆ ತುಂಬಿದ ಆ ಲೆನ್ಸ್ ಅರ್ಧ ಕಿಲೋಗಿಂತ ಹೆಚ್ಚು ತೂಗಬೇಕು. ಅದೇ ಪಿನ್ ಕೋಡಿನ ಬೇರೆ ಯಾವುದೋ ಮನೆಗೆ ಒಂದು ಲಕೋಟೆ ಹೋಗಿತ್ತು, ಅಷ್ಟೇ. ಬ್ಯಾಂಕಿಗೆ ಹೇಳುವ ಹೊತ್ತಿಗೆ ಹಣ ಆ ಖಾತೆಯಿಂದ ಮುಂದಕ್ಕೆ ದಾಟಿ ವಾರವಾಗಿತ್ತು. ಲಕೋಟೆಯ ಕೆಲಸವೇ ಆ ವಾರವನ್ನು ಕಳೆಯುವುದು. ಟ್ರ್ಯಾಕಿಂಗ್ ಸಂಖ್ಯೆ ಕೈಯಲ್ಲಿರುವಷ್ಟು ದಿನ ಯಾರೂ ದೂರು ಕೊಡಲು ಹೋಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಾರುವವರು ಒಳ್ಳೆಯವರೇ ಎಂಬುದು ಒಂದು ಪ್ರಶ್ನೆ, ಹಣ ಹೋಗುವ ದಾರಿ ಹಿಂದಿರುಗಿ ಬರಲು ಬಿಡುತ್ತದೆಯೇ ಎಂಬುದು ಇನ್ನೊಂದು. ನಾವು ಮೊದಲನೆಯದಕ್ಕೆ ಉತ್ತರ ಹುಡುಕುತ್ತಾ ದಿನಗಟ್ಟಲೆ ಕಳೆಯುತ್ತೇವೆ, ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಹಚ್ಚಿಬಿಡುತ್ತೇವೆ. ಮುಖ ಕಾಣದ ಮನುಷ್ಯನ ಒಳಗನ್ನು ಅಳೆಯುವ ಸಾಧನ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಹಣದ ದಾರಿಯನ್ನಾದರೆ ಎರಡು ನಿಮಿಷದಲ್ಲಿ ತಿಳಿದುಕೊಳ್ಳಬಹುದು.

ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯನ್ನು ಬಳಸುವವರಿಗೆ ಹಲವು ದೇಶಗಳಲ್ಲಿ ಎರಡು ದಾರಿ ಒಂದೇ ಪರದೆಯಲ್ಲಿ ಕಾಣುತ್ತವೆ. ಒಂದು, ಸ್ನೇಹಿತರಿಗೆ ಮತ್ತು ಮನೆಯವರಿಗೆ ಕಳುಹಿಸುವ ಹಣ. ಇನ್ನೊಂದು, ವಸ್ತು ಅಥವಾ ಸೇವೆಗೆ ಕೊಡುವ ಹಣ. ಮೊದಲನೆಯದಕ್ಕೆ ಕೊಳ್ಳುವವರ ರಕ್ಷಣೆ ಇಲ್ಲವೇ ಇಲ್ಲ. ಎರಡನೆಯದರಲ್ಲಿ ವಸ್ತು ಬರದಿದ್ದರೆ, ಅಥವಾ ಹೇಳಿದ್ದಕ್ಕಿಂತ ತೀರಾ ಬೇರೆಯಾಗಿದ್ದರೆ, ಹಣ ಕೊಟ್ಟ ದಿನದಿಂದ 180 ದಿನಗಳೊಳಗೆ ತಕರಾರು ಎತ್ತಬಹುದು. ಇದಕ್ಕೂ ಮಿತಿಗಳಿವೆ, ಕಾರು, ಬೈಕಿನಂಥ ವಾಹನಗಳನ್ನು ಈ ರಕ್ಷಣೆಯಿಂದ ಹೊರಗಿಟ್ಟಿದ್ದಾರೆ. ಶುಲ್ಕ ಮಾರುವವರ ಮೇಲೆ ಬೀಳುತ್ತದೆ. ಆದ್ದರಿಂದ ಪ್ರಾಮಾಣಿಕರಾದ ಮಾರಾಟಗಾರರೂ ಕೆಲವೊಮ್ಮೆ ಮೊದಲನೆಯದನ್ನೇ ಕೇಳುತ್ತಾರೆ. ವಂಚಕರಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೇ? ಒಳ್ಳೆಯವರು ಶುಲ್ಕ ಉಳಿಸಲು ಕೇಳುವುದನ್ನೇ ಅವರು ಕದಿಯಲು ಕೇಳುತ್ತಾರೆ. ಎರಡೂ ಮಾತು ಕಿವಿಗೆ ಒಂದೇ ಥರ ಕೇಳಿಸುತ್ತವೆ.

ಆ ಶುಲ್ಕವನ್ನು ನಾನೇ ಕೊಡುತ್ತೇನೆ ಎನ್ನಿ. ಈಗ ನಾನು ಮೊದಲ ಸಂದೇಶದಲ್ಲಿಯೇ ಹಾಗೆ ಬರೆಯುತ್ತೇನೆ: 'ನಿಮ್ಮ ಬೆಲೆಯ ಮೇಲೆ ಶುಲ್ಕವನ್ನೂ ಸೇರಿಸಿ ಕಳುಹಿಸುತ್ತೇನೆ, ಆದರೆ ರಕ್ಷಣೆ ಇರುವ ದಾರಿಯಲ್ಲಿ ಮಾತ್ರ.' ಪ್ರಾಮಾಣಿಕರಿಗೆ ಇದರಿಂದ ಕಾಸೂ ನಷ್ಟವಿಲ್ಲ. ಅವರು ಕೂಡಲೇ ಒಪ್ಪುತ್ತಾರೆ. ಒಪ್ಪದವರು ಕಾರಣ ಹೇಳಲು ತೊಡಗುತ್ತಾರೆ: ಖಾತೆ ತಾತ್ಕಾಲಿಕವಾಗಿ ನಿಂತಿದೆ, ತೆರಿಗೆಯ ತೊಂದರೆ ಇದೆ, ಹಿಂದೆ ಯಾರೋ ಮೋಸ ಮಾಡಿದ್ದಾರೆ. ಕೊನೆಯದು ನಿಜವೂ ಇರಬಹುದು. ಮೋಸ ಹೋದವರ ಬಗ್ಗೆ ನನಗೆ ಮರುಕವಿದೆ, ಆದರೆ ಅದಕ್ಕಾಗಿ ನನ್ನ ಹಣವನ್ನು ಬೇಲಿಯಿಲ್ಲದ ದಾರಿಯಲ್ಲಿ ಕಳುಹಿಸಲಾರೆ. ಲೆನ್ಸ್ ಎಷ್ಟೇ ಅಪರೂಪದ್ದಾದರೂ ಮಾತು ಅಲ್ಲಿಗೆ ಮುಗಿಯುತ್ತದೆ.

ಪಾವತಿಯ ಜೊತೆ ಟಿಪ್ಪಣಿ ಬರೆಯುವ ಜಾಗವಿರುತ್ತದೆಯಲ್ಲ, ಅದನ್ನು ಖಾಲಿ ಬಿಡಿ ಅಥವಾ 'ಉಡುಗೊರೆ' ಎಂದು ಬರೆಯಿರಿ ಎನ್ನುವವರನ್ನು ಖಂಡಿತ ನಂಬಬೇಡಿ. ಅಲ್ಲಿ ನೀವು ಬರೆಯುವ ಸುಳ್ಳೇ ನಾಳೆ ನಿಮ್ಮ ದೂರಿನ ವಿರುದ್ಧದ ಸಾಕ್ಷಿಯಾಗುತ್ತದೆ. ವಸ್ತುವಿನ ಹೆಸರು, ಸೀರಿಯಲ್ ನಂಬರ್ ಎರಡನ್ನೂ ಅಲ್ಲಿ ಬರೆಯಿರಿ.

ಉಡುಗೊರೆ ಎಂದಾಗ ನೆನಪಾಯಿತು: ಗಿಫ್ಟ್ ಕಾರ್ಡ್ ಕೊಂಡು ಅದರ ಸಂಖ್ಯೆ ಕಳುಹಿಸಿ ಎಂದು ಯಾರಾದರೂ ಕೇಳಿದರೆ ಅದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ, ಅದು ಮೋಸವೇ. ಕ್ರಿಪ್ಟೊ ಕೇಳಿದರೂ ಅಷ್ಟೇ. ದೂರದ ಕೌಂಟರಿನಲ್ಲಿ ನಗದಾಗಿ ಬಿಡಿಸಿಕೊಳ್ಳುವ ಹಣ ವರ್ಗಾವಣೆಯ ಇತಿಹಾಸವಂತೂ ದಾಖಲೆಯಲ್ಲೇ ಇದೆ. ವಂಚಕರು ತನ್ನ ಸೇವೆಯನ್ನು ಬಳಸುತ್ತಿದ್ದಾರೆಂದು ತಿಳಿದೂ ತಡೆಯಲಿಲ್ಲವೆಂಬ ಪ್ರಕರಣದಲ್ಲಿ ಹಣ ವರ್ಗಾವಣೆ ಕಂಪನಿ ವೆಸ್ಟರ್ನ್ ಯೂನಿಯನ್ 2017ರ ಜನವರಿಯಲ್ಲಿ ಅಮೆರಿಕದ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡು 58.6 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಆ ಹಣದಿಂದ ಮೋಸ ಹೋದವರಿಗೆ ಪರಿಹಾರ ಸಿಕ್ಕಿದ್ದು ವರ್ಷಗಳ ನಂತರ.

ರಕ್ಷಣೆ ಇರುವ ದಾರಿಯಲ್ಲೂ ಕಣ್ಣು ತೆರೆದಿರಬೇಕು. ಖಾಲಿ ಲಕೋಟೆಯ ಉಪಾಯವನ್ನು ಅಲ್ಲಿಯೂ ಬಳಸುತ್ತಾರೆ, ಏಕೆಂದರೆ ನಿಮ್ಮ ಊರಿಗೆ 'ತಲುಪಿಸಲಾಗಿದೆ' ಎಂಬ ದಾಖಲೆ ಅವರ ಪರವಾಗಿ ನಿಲ್ಲುತ್ತದೆ. ಆಗ ಕೊರಿಯರ್ ಕಂಪನಿಯಿಂದ ತೂಕ ಮತ್ತು ತಲುಪಿಸಿದ ವಿಳಾಸದ ಬಗ್ಗೆ ಬರಹದಲ್ಲಿ ಉತ್ತರ ಪಡೆದು ತಕರಾರಿಗೆ ಲಗತ್ತಿಸಿ. ತಕರಾರು ಎತ್ತಿದ ಮೇಲೆ ಮಾರುವವರು ಗೋಗರೆಯುತ್ತಾರೆ: 'ದಯವಿಟ್ಟು ಅದನ್ನು ಮುಚ್ಚಿಬಿಡಿ, ನಾಳೆಯೇ ಹಣ ಹಿಂದಿರುಗಿಸುತ್ತೇನೆ.' ಮುಚ್ಚಬೇಡಿ. ಪೇಪಾಲ್‌ನಲ್ಲಿ ಒಮ್ಮೆ ಮುಚ್ಚಿದ ತಕರಾರನ್ನು ಮತ್ತೆ ತೆರೆಯಲಾಗದು. ತಕರಾರನ್ನು ಪೇಪಾಲ್ ತಾನೇ ತೀರ್ಮಾನಿಸುವ ದೂರಿನ ಹಂತಕ್ಕೆ ಏರಿಸಲು ಇರುವ ಗಡುವು, ತಕರಾರು ಎತ್ತಿದಾಗಿನಿಂದ 20 ದಿನ. ಬೆಲ್ಲದಂಥ ಮಾತುಗಳಲ್ಲಿ ಆ ದಿನಗಳು ಕರಗಿಹೋಗುತ್ತವೆ.

ಇನ್ನು ವಂಚಕರ ನಡೆಗಳು. ಎಲ್ಲವನ್ನೂ ಬರೆಯಲು ಹೋಗುವುದಿಲ್ಲ, ನಾನು ಮತ್ತೆ ಮತ್ತೆ ಕಂಡವನ್ನು ಮಾತ್ರ ಹೇಳುತ್ತೇನೆ. ಯಾವುದಾದರೂ ವಸ್ತು ಬೇಕೆಂದು ನೀವು ಬರೆದ ಕೂಡಲೇ ಖಾಸಗಿ ಸಂದೇಶದಲ್ಲಿ, 'ನನ್ನ ಹತ್ತಿರ ಇಲ್ಲ, ನನ್ನ ಗೆಳೆಯರ ಹತ್ತಿರ ಇದೆ, ಈ ಇಮೇಲ್‌ಗೆ ಬರೆಯಿರಿ' ಎಂದು ಬಂದರೆ ಆ ಗೆಳೆಯರು ಇರುವುದೇ ಇಲ್ಲ. ಖಾಸಗಿಯಾಗಿ ಬರೆಯುವುದಕ್ಕೆ ಕಾರಣವಿದೆ: ಎಲ್ಲರ ಎದುರು ಬರೆದರೆ ಹಳಬರು ಯಾರಾದರೂ ಎಚ್ಚರಿಸಿಬಿಡುತ್ತಾರೆ. 'ನನ್ನಲ್ಲಿ ಈ ವಸ್ತು ಇದೆ ಎಂದು ಎಲ್ಲರಿಗೂ ಕಾಣುವಂತೆ ಒಂದು ಸಾಲು ಬರೆಯಿರಿ' ಎಂದು ಕೇಳಿನೋಡಿ. ಎಷ್ಟೋ ಸಲ ಉತ್ತರವೇ ಬರುವುದಿಲ್ಲ.

ಖಾತೆ ಹಳೆಯದು, ಹತ್ತು ವರ್ಷದ ಒಳ್ಳೆಯ ಹೆಸರಿದೆ ಎಂಬುದನ್ನೂ ಪೂರ್ತಿ ನೆಚ್ಚಬೇಡಿ. ಕೊಳ್ಳುವವರು, ಮಾರುವವರು ಪರಸ್ಪರ ಅಭಿಪ್ರಾಯ ದಾಖಲಿಸುವ ಪದ್ಧತಿಯನ್ನು ಇಬೇ ಎಂಬ ಆನ್‌ಲೈನ್ ಮಾರಾಟ ತಾಣ 1996ರಲ್ಲಿ ಆರಂಭಿಸಿದಾಗಿನಿಂದ ಒಳ್ಳೆಯ ಹೆಸರು ಆನ್‌ಲೈನ್ ವ್ಯಾಪಾರದ ಆಸ್ತಿಯಾಗಿದೆ. ಆಸ್ತಿಯಾದ ಮೇಲೆ ಅದಕ್ಕೂ ಕಳ್ಳರು ಹುಟ್ಟಿಕೊಂಡರು. ವರ್ಷಗಟ್ಟಲೆ ಬಳಸದೆ ಬಿಟ್ಟ ಖಾತೆಯ ಪಾಸ್‌ವರ್ಡ್ ಕದ್ದು, ಇನ್ನೊಬ್ಬರ ಒಳ್ಳೆಯ ಹೆಸರನ್ನು ಹೊದ್ದುಕೊಂಡು ಬರುತ್ತಾರೆ. ಬಹುಕಾಲ ಸುಮ್ಮನಿದ್ದವರು ಹಠಾತ್ತಾಗಿ ನಾಲ್ಕು ದುಬಾರಿ ವಸ್ತುಗಳನ್ನು ಒಟ್ಟಿಗೆ ಮಾರಲು ಬಂದರೆ ಅವರ ಹಳೆಯ ಬರಹದ ಶೈಲಿ ಮತ್ತು ಈಗಿನದನ್ನು ಪಕ್ಕಪಕ್ಕ ಇಟ್ಟು ಓದಿ.

ನನ್ನನ್ನು ಹೆಚ್ಚು ಕಳವಳಗೊಳಿಸುವ ವಂಚನೆಯಲ್ಲಿ ಮೂವರಿರುತ್ತಾರೆ. ನಿಜವಾದ ಮಾರಾಟಗಾರರೊಬ್ಬರ ಜಾಹೀರಾತನ್ನು ವಂಚಕ ನಕಲು ಮಾಡಿ, ಸ್ವಲ್ಪ ಕಡಿಮೆ ಬೆಲೆಗೆ ತನ್ನದೆಂದು ಹಾಕುತ್ತಾನೆ. ನೀವು ವಿಚಾರಿಸಿದಾಗ, 'ವಸ್ತು ನನ್ನ ಸಂಬಂಧಿಯ ಮನೆಯಲ್ಲಿದೆ, ಹೋಗಿ ನೋಡಿ, ಬೆಲೆಯ ವಿಷಯ ಅವರ ಹತ್ತಿರ ಮಾತಾಡಬೇಡಿ' ಎನ್ನುತ್ತಾನೆ. ಆ ಕಡೆ ನಿಜವಾದ ಮಾರಾಟಗಾರರಿಗೆ, 'ನನ್ನ ತಮ್ಮ ಬಂದು ನೋಡುತ್ತಾನೆ, ಹಣ ನಾನು ಕಳುಹಿಸುತ್ತೇನೆ' ಎಂದಿರುತ್ತಾನೆ. ನೀವು ಹೋಗುತ್ತೀರಿ, ವಸ್ತುವನ್ನು ಕೈಯಲ್ಲಿ ಹಿಡಿಯುತ್ತೀರಿ, ಎಲ್ಲವೂ ನಿಜವಾಗಿರುತ್ತದೆ, ಅಲ್ಲಿಯೇ ನಿಂತು ವಂಚಕನ ಖಾತೆಗೆ ಹಣ ಹಾಕುತ್ತೀರಿ. ಎದುರಿಗಿರುವವರಿಗೆ ಹಣ ಬಂದಿಲ್ಲ, ವಸ್ತು ಕೊಡುವುದಿಲ್ಲ. ಇಬ್ಬರು ಪ್ರಾಮಾಣಿಕರು ಒಬ್ಬರನ್ನೊಬ್ಬರು ಕಳ್ಳರೆಂದುಕೊಂಡು ಜಗಳವಾಡುತ್ತಾರೆ. ಎದುರಿಗಿರುವವರನ್ನೇ 'ಇದರ ಬೆಲೆ ಎಷ್ಟು, ಹಣ ಯಾರ ಖಾತೆಗೆ?' ಎಂದು ಬಾಯಿಬಿಟ್ಟು ಕೇಳಿದರೆ ಈ ಇಡೀ ಆಟ ಅಲ್ಲಿಯೇ ಮುರಿದುಬೀಳುತ್ತದೆ. ಬೆಲೆಯ ಬಗ್ಗೆ ಮಾತಾಡಬೇಡಿ ಎಂಬ ಆ ಒಂದು ಷರತ್ತಿನ ಮೇಲೆಯೇ ಅವನು ಎಲ್ಲವನ್ನೂ ಕಟ್ಟಿರುತ್ತಾನೆ.

ಫೋಟೋದ ವಿಷಯಕ್ಕೆ ಮತ್ತೆ ಬರುತ್ತೇನೆ. ಚೀಟಿ ಇಟ್ಟು ತೆಗೆದ ಫೋಟೋ ಈಗ ಸಾಲದು. ತಿದ್ದುವುದು ಅಷ್ಟು ಸುಲಭವಾಗಿದೆ. ನಾನು ವಿಡಿಯೋ ಕರೆ ಕೇಳುತ್ತೇನೆ. ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಸೀರಿಯಲ್ ನಂಬರ್ ಓದಿ, ದೀಪದ ಬೆಳಕನ್ನು ಗಾಜಿನ ಒಳಗೆ ಹಾಯಿಸಿ ತೋರಿಸಿ ಎನ್ನುತ್ತೇನೆ. ವಸ್ತು ಇರುವವರಿಗೆ ಅದು ಎರಡು ನಿಮಿಷದ ಕೆಲಸ. ಬಂದ ಫೋಟೋಗಳನ್ನು ಚಿತ್ರಹುಡುಕಾಟದಲ್ಲಿ ಹಾಕಿದರೆ ಅವು ಮೊದಲು ಎಲ್ಲಿ ಪ್ರಕಟವಾಗಿದ್ದವು ಎಂಬುದು ಕೆಲವು ಸಲ ಸಿಕ್ಕಿಬಿಡುತ್ತದೆ. ಹೀಗಿದ್ದರೂ ಇದೆಲ್ಲ ವಸ್ತು ಇದೆಯೇ ಎಂದು ತಿಳಿಯಲು ಮಾತ್ರ. ವಸ್ತು ಇದ್ದೂ ಕಳುಹಿಸದವರನ್ನು ಯಾವ ವಿಡಿಯೋ ಕರೆಯೂ ಹಿಡಿಯಲಾರದು.

ಬ್ಯಾಂಕುಗಳನ್ನೂ ಪಾವತಿ ಸೇವೆಗಳನ್ನೂ ನಡೆಸುತ್ತಿರುವವರಿಗೆ ಇಲ್ಲಿ ನೇರವಾಗಿ ಹೇಳುತ್ತೇನೆ. ಮಾನ್ಯರೇ, ನಾನು ಹಣ ಕಳುಹಿಸಿದ ದಿನ ಖಾತೆದಾರರ ಹೆಸರನ್ನು ನನ್ನಿಂದ ಕೇಳಿ ಬರೆಸಿಕೊಂಡಿರಿ, ಆದರೆ ಅದನ್ನು ಖಾತೆಯ ಜೊತೆ ಹೋಲಿಸಿ ನೋಡಲಿಲ್ಲ. ಸಂಖ್ಯೆ ಸರಿಯಿದ್ದರೆ ನಿಮಗೆ ಸಾಕಾಗಿತ್ತು. ಆ 'ಅಣ್ಣ' ಎಂಬ ಹೆಸರೂ ಸುಳ್ಳಾಗಿತ್ತು, ಖಾತೆ ಮೂರನೆಯವರೊಬ್ಬರದು. ಇದು ಆಗದ ಕೆಲಸವೇನಲ್ಲ. ಹೆಸರು ಹೊಂದುತ್ತದೆಯೇ ಎಂದು ಹಣ ಹೋಗುವ ಮೊದಲೇ ತೋರಿಸುವ ವ್ಯವಸ್ಥೆ ಬ್ರಿಟನ್ನಿನ ದೊಡ್ಡ ಬ್ಯಾಂಕುಗಳಲ್ಲಿ 2020ರಿಂದ ಇದೆ. ಯೂರೋ ಬಳಸುವ ದೇಶಗಳಲ್ಲಿ 2025ರ ಅಕ್ಟೋಬರ್ 9ರಿಂದ ಅದು ಕಡ್ಡಾಯವಾಗಿದೆ. ಬ್ರಿಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಂಬಿಸಿ ಹಣ ಹಾಕಿಸಿಕೊಂಡ ವಂಚನೆಗಳಲ್ಲಿ 85,000 ಪೌಂಡ್‌ವರೆಗೆ ಗ್ರಾಹಕರಿಗೆ ಹಿಂದಿರುಗಿಸಬೇಕೆಂದು 2024ರ ಅಕ್ಟೋಬರ್ 7ರಿಂದ ನಿಯಮ ತಂದಿದೆ. ಆ ಹೊರೆಯನ್ನು ಹಣ ಕಳುಹಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು.

ಆ ಅರ್ಧರ್ಧ ಎಂಬುದರಲ್ಲಿಯೇ ನ್ಯಾಯವಿದೆ ಎಂದು ನನಗೆ ಅನ್ನಿಸುತ್ತದೆ. ಬೇರೆಯವರ ಹೆಸರಿನಲ್ಲಿ ತೆರೆದ, ಬಾಡಿಗೆಗೆ ಕೊಟ್ಟ ಖಾತೆಗಳಿಲ್ಲದೆ ಈ ವಂಚನೆ ಒಂದು ದಿನವೂ ನಡೆಯದು. ಆ ಖಾತೆಗಳಿರುವುದು ಪಡೆಯುವ ಬ್ಯಾಂಕಿನಲ್ಲಿ. ನಿನ್ನೆಯವರೆಗೆ ಖಾಲಿ ಬಿದ್ದಿದ್ದ ಖಾತೆಗೆ ಒಂದೇ ದಿನ ಆರು ಕಡೆಗಳಿಂದ ಹಣ ಬಂದು, ಬಂದಷ್ಟೂ ನಿಮಿಷಗಳಲ್ಲಿ ಹೊರಟುಹೋಗುವುದು ಅವರಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಕಾಣುವವರ ಮೇಲೆ ಹೊಣೆ ಇರಬೇಡವೇ? ಹಣ ಸೆಕೆಂಡುಗಳಲ್ಲಿ ಹೋಗುತ್ತದೆ ಎಂದು ನೀವು ಹೆಮ್ಮೆಯಿಂದ ಹೇಳುತ್ತೀರಿ. ದೂರನ್ನೂ ಸೆಕೆಂಡುಗಳಲ್ಲಿ ಆ ಬ್ಯಾಂಕಿಗೆ ಮುಟ್ಟಿಸಿ. ನನ್ನ ದೂರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ನಾಲ್ಕು ದಿನ ತೆಗೆದುಕೊಂಡಿತು.

ಪ್ರಾಮಾಣಿಕರಾದ ಮಾರಾಟಗಾರರಲ್ಲಿಯೂ ಒಂದು ಬೇಡಿಕೆ ಇದೆ. ರಕ್ಷಣೆ ಇರುವ ಪಾವತಿಯನ್ನು ನೀವೇ ಮೊದಲು ಮುಂದಿಡಿ. ಕೊಳ್ಳುವವರು ಬಾಯಿಬಿಟ್ಟು ಕೇಳುವಂತೆ ಮಾಡಬೇಡಿ. ಕೇಳಬೇಕಾದಾಗಲೇ ದಾಕ್ಷಿಣ್ಯ ಹುಟ್ಟುತ್ತದೆ, ವಂಚಕ ಬದುಕುವುದು ಆ ದಾಕ್ಷಿಣ್ಯದಲ್ಲಿ. ಶುಲ್ಕ ಸೇರಿಸಿಯೇ ಬೆಲೆ ಬರೆಯಿರಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮಗೂ ಅಪಾಯವಿದೆ ಎಂಬುದನ್ನು ಬಲ್ಲೆ. ಹಣ ಬಂದಿದೆ, ಪಾರ್ಸಲ್ ಕಳುಹಿಸಿದ ಮೇಲೆ ಬಿಡುಗಡೆಯಾಗುತ್ತದೆ ಎಂಬ ನಕಲಿ ಇಮೇಲ್‌ಗಳನ್ನು ನಂಬಿ ವಸ್ತು ಕಳೆದುಕೊಂಡವರು ನನ್ನ ಗೆಳೆಯರಲ್ಲಿಯೇ ಇದ್ದಾರೆ. ಇಮೇಲ್ ಬಿಟ್ಟು ನಿಮ್ಮ ಖಾತೆಯನ್ನು ತೆರೆದು ನೋಡಿ. ವಸ್ತುವನ್ನು ಪೆಟ್ಟಿಗೆಗೆ ತುಂಬುವುದನ್ನು ವಿಡಿಯೋ ಮಾಡಿಕೊಳ್ಳಿ, ತೂಕದ ರಸೀದಿ ಇಟ್ಟುಕೊಳ್ಳಿ.

ಈಗಾಗಲೇ ಹಣ ಕಳೆದುಕೊಂಡವರಿಗೆ: ಮೊದಲು ಬ್ಯಾಂಕಿಗೆ ಕರೆ ಮಾಡಿ, ಸಂದೇಶಗಳ ಸ್ಕ್ರೀನ್‌ಶಾಟ್ ಆಮೇಲೆ ತೆಗೆದರಾಯಿತು. ಹಣ ಇನ್ನೂ ಆ ಖಾತೆಯಲ್ಲಿ ನಿಂತಿದ್ದರೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ನಂತರ ಪೊಲೀಸರಿಗೆ ಲಿಖಿತ ದೂರು ಕೊಡಿ. ಕೆಲವು ದಿನಗಳಲ್ಲಿ ಯಾರೋ ನಿಮ್ಮನ್ನು ಸಂಪರ್ಕಿಸಿ, ಕಳೆದ ಹಣವನ್ನು ಹಿಂದೆ ತರಿಸಿಕೊಡುತ್ತೇವೆ, ಮೊದಲು ಇಷ್ಟು ಕಟ್ಟಿ ಎನ್ನಬಹುದು. ಅದು ಅದೇ ಗುಂಪಿನ, ಇಲ್ಲವೇ ಅವರಂಥವರ, ಎರಡನೆಯ ಬಲೆ. ಒಮ್ಮೆ ಕೊಟ್ಟವರ ಹೆಸರುಗಳನ್ನು ಅವರು ಪಟ್ಟಿ ಮಾಡಿ ಮಾರುತ್ತಾರೆ. ನನಗೆ ಅಂಥ ಎರಡು ಸಂದೇಶ ಬಂದವು, ಎರಡರಲ್ಲೂ ನಾನು ಕಳೆದುಕೊಂಡ ಮೊತ್ತ ಸರಿಯಾಗಿ ಬರೆದಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ, ನಾಚಿಕೆಯಿಂದ ಸುಮ್ಮನಿರಬೇಡಿ. ನಾನು ಮೂರು ವಾರ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ಕೊಂಡವನು, ಬೇರೆಯವರಿಗೆ ಬುದ್ಧಿ ಹೇಳಿದವನು, ಹೇಗೆ ಹೇಳಲಿ ಎಂದು. ನಾಲ್ಕನೆಯ ವಾರ ಧೈರ್ಯ ಮಾಡಿ ನಡೆದದ್ದನ್ನೆಲ್ಲ ಬರೆದು, ಬಂದ ಫೋಟೋಗಳನ್ನೂ ಸೇರಿಸಿ ಎಲ್ಲರಿಗೂ ಕಾಣುವಂತೆ ಹಾಕಿದೆ. ಮಾರನೆಯ ಬೆಳಿಗ್ಗೆ ಒಬ್ಬ ಕಾಲೇಜು ವಿದ್ಯಾರ್ಥಿನಿ ಬರೆದಳು. ಎರಡು ವರ್ಷ ಉಳಿಸಿದ ಹಣವನ್ನು ಆ ದಿನ ಸಂಜೆ ಕಳುಹಿಸುವವಳಿದ್ದಳಂತೆ. ಮಾರುವವರ ಹೆಸರು ಬೇರೆ, ಬ್ಯಾಂಕ್ ಖಾತೆ ಬೇರೆ. ಆದರೆ ಅವಳಿಗೆ ಬಂದಿದ್ದ ಫೋಟೋದಲ್ಲಿ ಅದೇ ಕಿಟಕಿಯ ಬೆಳಕು, ಲೋಹದ ಬಳೆಯ ಪಕ್ಕದಲ್ಲಿ ಅದೇ ಉಗುರುದ್ದದ ಗೀರು, ನೆರಳಿಲ್ಲದ ಚೀಟಿಯ ಮೇಲೆ ಅವಳ ಹೆಸರು.

ಇಂತಿ,
ನಿಮ್ಮಂತೆಯೇ ಹಳೆಯ ವಸ್ತುಗಳನ್ನು ಪ್ರೀತಿಸುವ ಒಬ್ಬ ಗ್ರಾಹಕ